ಕುದುರೆ ಸಂತೆಯ ಊರಿಗೆ ಜಪಾನಿ ಪಾಠ

1470ರ ಆಸುಪಾಸಿನಲ್ಲಿ ರಷ್ಯಾದ ತ್ವೇರ್ ಪಟ್ಟಣದ ವ್ಯಾಪಾರಿಯೊಬ್ಬ ಒಂದೇ ಒಂದು ಕುದುರೆಯನ್ನು ಹಡಗಿಗೆ ಹತ್ತಿಸಿ ಹೊರ್ಮುಜ್‌ನಿಂದ ಚೌಲ್ ಬಂದರಿಗೆ ತಂದ. ಅಲ್ಲಿಂದ ಘಟ್ಟ ಹತ್ತಿಸಿ, ಜುನ್ನರ್ ಮೇಲೆ ಹಾಯ್ದು, ಬೀದರಿಗೆ ಹೊಡೆದುಕೊಂಡು ಬಂದ. ಅವನ ಹೆಸರು ಅಫನಾಸಿ ನಿಕಿತಿನ್. ಜುನ್ನರ್‌ನಲ್ಲಿ ಅಲ್ಲಿಯ ಅಧಿಕಾರಿ ಅಸದ್ ಖಾನ್ ಕುದುರೆಯನ್ನು ಕಿತ್ತುಕೊಂಡು, ಮತ ಬದಲಿಸಿದರಷ್ಟೇ ವಾಪಸು ಕೊಡುತ್ತೇನೆಂದು ಪಟ್ಟು ಹಿಡಿದಿದ್ದ. ಖುರಾಸಾನದ ಗಣ್ಯನೊಬ್ಬ ನಡುವೆ ಬಂದು ಬಿಡಿಸಿಕೊಟ್ಟ. ಕೊನೆಗೆ ಬೀದರಿನಲ್ಲಿ ಕುದುರೆ ಮಾರಾಟವಾಯಿತು. ಆದರೂ ನಿಕಿತಿನ್‌ಗೆ ಸಮಾಧಾನವಿರಲಿಲ್ಲ. ಇಲ್ಲಿ ಸರಕು ರಾಶಿ ಬಿದ್ದಿದೆ ಎಂದು ಹೇಳಿ ನನಗೆ ಮೋಸ ಮಾಡಿದರು, ನಮ್ಮ ದೇಶಕ್ಕೆ ಒಯ್ಯುವಂಥದ್ದು ಏನೂ ಇಲ್ಲ, ಮೆಣಸು ಅಗ್ಗ ನಿಜ, ಸುಂಕ ಮಾತ್ರ ವಿಪರೀತ ಎಂಬ ಅರ್ಥದಲ್ಲಿ ಬರೆದಿಟ್ಟ. ಮಾರುಕಟ್ಟೆ ವಿಚಾರಿಸದೆ ಸರಕು ಹೊತ್ತು ಬಂದವನ ಗೊಣಗಾಟ ಇದು.

ಅವನು ಬರೆದದ್ದು ಅಷ್ಟೇ ಅಲ್ಲ. ಸುಲ್ತಾನನ ಮೆರವಣಿಗೆ, ಅಮೀರರ ಐಶ್ವರ್ಯ, ಹಳ್ಳಿಯವರ ದಾರಿದ್ರ್ಯ, ಆಳಂದದ ಜಾತ್ರೆ, ಎಲ್ಲವನ್ನೂ ಟಿಪ್ಪಣಿ ಮಾಡಿಕೊಂಡ. ಊರಿಗೆ ಮರಳುವ ದಾರಿಯಲ್ಲಿ, ಮನೆ ಮುಟ್ಟುವ ಮೊದಲೇ ತೀರಿಕೊಂಡ. ಟಿಪ್ಪಣಿ ಮಾತ್ರ ಉಳಿಯಿತು. ಅದರಲ್ಲಿ ರಷ್ಯನ್ ನಡುವೆ ತುರ್ಕಿ, ಪಾರ್ಸಿ, ಅರಬ್ಬಿ ಮಾತುಗಳು ಬೆರೆತುಕೊಂಡಿವೆ. ಪರದೇಶದ ವ್ಯಾಪಾರ, ಪರಭಾಷೆ, ವರದಿಗಾರಿಕೆ ಮೂರನ್ನೂ ಒಬ್ಬನೇ, ಯಾವ ಸರ್ಟಿಫಿಕೇಟೂ ಇಲ್ಲದೆ, ಬೀದರಿನ ಬೀದಿಗಳಲ್ಲಿ ಕಲಿತಿದ್ದ.

ಆಗ ಬಹಮನಿ ದರ್ಬಾರಿನ ಪ್ರಧಾನಿ ಮಹಮೂದ್ ಗವಾನ್. ಅವನೂ ಇರಾನಿನ ಗೀಲಾನ್‌ನಿಂದ ವ್ಯಾಪಾರಕ್ಕೆಂದು ಬಂದವನೇ. 'ಮಲಿಕ್-ಉತ್-ತುಜ್ಜಾರ್', ಅಂದರೆ ವರ್ತಕರ ಒಡೆಯ, ಎಂಬ ಬಿರುದು ಹೊತ್ತವನು. ಹೊರದೇಶದ ಅರಸರಿಗೂ ವಿದ್ವಾಂಸರಿಗೂ ಅವನು ಬರೆದ ಪತ್ರಗಳ ಸಂಗ್ರಹ ಇಂದಿಗೂ ಉಳಿದಿದೆ. 1472ರಲ್ಲಿ ಅವನು ಕಟ್ಟಿಸಿದ ಮದರಸಾ ಚೌಬಾರಾದಿಂದ ಕೋಟೆಯ ಕಡೆ ಹೋಗುವ ರಸ್ತೆಯಲ್ಲಿ, ಉಳಿದೊಂದು ಮಿನಾರಿನ ನೀಲಿ ಹೆಂಚುಗಳ ಸಮೇತ ನಿಂತಿದೆ. ಆ ಊರಿನ ಪದವಿ ವಿದ್ಯಾರ್ಥಿಗೆ ಅಂತರರಾಷ್ಟ್ರೀಯ ವ್ಯಾಪಾರ, ಜಪಾನಿ ಭಾಷೆ, ಪತ್ರಿಕೋದ್ಯಮದ ಕಿರು ಕೋರ್ಸುಗಳ ಮಾತು ಎತ್ತಿದರೆ, 'ಅವೆಲ್ಲ ಬೆಂಗಳೂರಿನವರಿಗ್ರಿ ಸರ್, ನಾವು ಕಲ್ತು ಏನ್ ಮಾಡ್ಬೇಕ್ರಿ' ಎಂಬ ಉತ್ತರ ಬರುತ್ತದೆ. ಈ ಲೇಖನ ಆ ಉತ್ತರದ ಜೊತೆಗಿನ ಜಗಳ.

ಇಂಥ ಕೋರ್ಸುಗಳಿಗೆ ಸರ್ಕಾರಿ ಕಾಗದದಲ್ಲಿ ಒಂದು ಚೌಕಟ್ಟು ಇದೆ: ಸಮುದಾಯ ಕಾಲೇಜು. ಕಲ್ಪನೆ ಅಮೆರಿಕದ್ದು. ಇಲಿನಾಯ್ ರಾಜ್ಯದ ಜೋಲಿಯೆಟ್‌ನಲ್ಲಿ 1901ರಲ್ಲಿ ಶುರುವಾದ ಕಿರಿಯ ಕಾಲೇಜನ್ನು ಅದರ ಮೂಲವೆಂದು ಹೇಳುತ್ತಾರೆ. ಊರಿಗೆ ಬೇಕಾದ ಕಸುಬನ್ನು ಊರಿನಲ್ಲೇ, ಕಡಿಮೆ ಖರ್ಚಿನಲ್ಲಿ, ದುಡಿಯುವವರಿಗೂ ಕಲಿಸುವುದು ಅದರ ಗುಟ್ಟು. ನಮ್ಮಲ್ಲಿ 1995ರಲ್ಲಿ ಪುದುಚೇರಿಯಲ್ಲಿ, ಮರುವರ್ಷ ಮದರಾಸಿನಲ್ಲಿ ಇಂಥ ಕಾಲೇಜು ಬಂತು. ವಿಶ್ವವಿದ್ಯಾಲಯ ಅನುದಾನ ಆಯೋಗ 2013ರಲ್ಲಿ ಸಮುದಾಯ ಕಾಲೇಜು ಯೋಜನೆ ತಂದಿತು, 2014ರಲ್ಲಿ ಬಿ.ವೋಕ್ ಎಂಬ ವೃತ್ತಿಶಿಕ್ಷಣದ ಪದವಿ ಶುರು ಮಾಡಿತು. ಬಿ.ವೋಕ್‌ನಲ್ಲಿ ಆರು ತಿಂಗಳಿಗೆ ಸರ್ಟಿಫಿಕೇಟು, ವರ್ಷಕ್ಕೆ ಡಿಪ್ಲೊಮಾ, ಎರಡು ವರ್ಷಕ್ಕೆ ಉನ್ನತ ಡಿಪ್ಲೊಮಾ, ಮೂರು ವರ್ಷಕ್ಕೆ ಪದವಿ. ಪಾಠದಲ್ಲಿ ಶೇ 60 ಕೌಶಲ, ಶೇ 40 ಸಾಮಾನ್ಯ ಶಿಕ್ಷಣ. ಅದಕ್ಕೂ ಮೊದಲು ಬಿ.ಎ., ಬಿ.ಕಾಂ. ಜೊತೆಗೇ ಸಂಜೆ ಹೊತ್ತು ಕಲಿಯುವ ವೃತ್ತಿ ಆಧಾರಿತ ಕೋರ್ಸುಗಳೂ ಇದ್ದವು. ಚೌಕಟ್ಟು ಚೆನ್ನಾಗಿದೆ. ಅನುದಾನ ಬಂದ ವರ್ಷ ಬ್ಯಾನರ್ ಕಟ್ಟಿ ಉದ್ಘಾಟನೆ, ಅನುದಾನ ನಿಂತ ವರ್ಷ ಕೊಠಡಿಗೆ ಬೀಗ ಎಂಬುದೂ ನಮ್ಮ ಶಿಕ್ಷಣ ಕ್ಷೇತ್ರದಲ್ಲಿ ಹೊಸತಲ್ಲ.

ಬೀದರ್ ಜಿಲ್ಲೆಯ ಭಾಷೆಯ ಬದುಕನ್ನು ಮೊದಲು ನೋಡಬೇಕು. ಕರ್ನಾಟಕದ ಉತ್ತರದ ತುದಿ ಔರಾದ್. ಒಂದು ಪಕ್ಕಕ್ಕೆ ಮಹಾರಾಷ್ಟ್ರದ ದೇಗಲೂರು, ಉದಗೀರ, ಇನ್ನೊಂದು ಪಕ್ಕಕ್ಕೆ ತೆಲಂಗಾಣ. 1956ರ ನವೆಂಬರ್ 1ರಂದು ಹಳೆಯ ಬೀದರ್ ಜಿಲ್ಲೆಯನ್ನು ಮೂರು ಪಾಲು ಮಾಡಿದಾಗ ಉದಗೀರ, ನಿಲಂಗಾ ಈಗಿನ ಮಹಾರಾಷ್ಟ್ರದ ಕಡೆ ಹೋದವು, ಜಹೀರಾಬಾದ್, ನಾರಾಯಣಖೇಡ ಈಗಿನ ತೆಲಂಗಾಣದ ಕಡೆ ಹೋದವು. ನೆಂಟಸ್ತಿಕೆ ಮಾತ್ರ ಗಡಿ ನೋಡಲಿಲ್ಲ. ಭಾಲ್ಕಿಯ ಹುಡುಗಿ ಮನೆಯಲ್ಲಿ ಕನ್ನಡವೋ ಮರಾಠಿಯೋ ಆಡುತ್ತಾಳೆ, ಬಜಾರಿನಲ್ಲಿ ದಖನಿ ಉರ್ದು, ಕಾಲೇಜಿನಲ್ಲಿ ಕನ್ನಡ-ಇಂಗ್ಲಿಷ್, ಹೈದರಾಬಾದಿಗೆ ಹೋದರೆ ತೆಲುಗು. ಮೈಸೂರು ಕಡೆಯ ಪದವೀಧರನಿಗೆ ಇಲ್ಲದ ಬಂಡವಾಳ ಇದು. ನಾವು ಇದನ್ನು 'ಕಲಬೆರಕೆ ಕನ್ನಡ' ಎಂದು ಮೂಗು ಮುರಿಯುವುದರಲ್ಲೇ ಕಾಲ ಕಳೆದೆವು.

ಹೊಟ್ಟೆಪಾಡಿಗೆ ಭಾಷೆ ಕಲಿಯುವುದೂ ಇಲ್ಲಿ ಹೊಸತಲ್ಲ. ನಿಜಾಮನ ಆಳ್ವಿಕೆಯಲ್ಲಿ ನೌಕರಿ ಬೇಕೆಂದರೆ ಉರ್ದು ಬರಬೇಕಿತ್ತು. ಅಜ್ಜನ ಕಾಲದ ಹೊಲದ ಕಾಗದ ಓದಿಸಲು ಇವತ್ತಿಗೂ ಉರ್ದು ಬಲ್ಲ ಹಿರಿಯರನ್ನು ಹುಡುಕುವ ಮನೆಗಳಿವೆ. ಅದೇ ಕಾಲದಲ್ಲಿ ಭಾಲ್ಕಿಯ ಹಿರೇಮಠದ ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಫಲಕ ಹಾಕಿ ಒಳಗೆ ಕನ್ನಡ ಕಲಿಸಿದ್ದನ್ನು ಜಿಲ್ಲೆ ಮರೆತಿಲ್ಲ. ಬೇರೆ ಭಾಷೆ ಕಲಿತರೆ ಕನ್ನಡ ಕರಗುತ್ತದೆಂಬ ಭಯ ಇಟ್ಟುಕೊಳ್ಳಬೇಕಾದ ನೆಲವಲ್ಲ ಇದು.

ಇನ್ನು ಜಪಾನಿ. ಕೇಳಿದ ಕೂಡಲೇ ಬೆಚ್ಚಿಬೀಳುವವರು ಒಂದು ವಾಕ್ಯ ನೋಡಲಿ. 'ವತಾಶಿ ವಾ ಅಶಿತಾ ಬೀದರು ನಿ ಇಕಿಮಾಸು.' ವತಾಶಿ ಎಂದರೆ ನಾನು, ಅಶಿತಾ ನಾಳೆ, ಬೀದರು ನಿ ಬೀದರಿಗೆ, ಇಕಿಮಾಸು ಹೋಗುತ್ತೇನೆ. ನಡುವಿನ 'ವಾ' ಎನ್ನುವುದು ಯಾರ ಅಥವಾ ಯಾವುದರ ಬಗ್ಗೆ ಮಾತು ಎಂದು ತೋರಿಸುವ ಪ್ರತ್ಯಯ. ಕನ್ನಡದ ವಾಕ್ಯವನ್ನು ಹಾಗೇ ಎತ್ತಿಟ್ಟಂತಿದೆ. ಕ್ರಿಯಾಪದ ಕೊನೆಗೆ, ವಿಭಕ್ತಿ ನಾಮಪದದ ಬೆನ್ನಿಗೆ. 'ಬರ್ತೀನಿ ಅಂತ ಅಂದ' ಎನ್ನುವುದು ಜಪಾನಿಯಲ್ಲಿ 'ಕುರು ತೊ ಇತ್ತಾ'. ನಮ್ಮ 'ಅಂತ' ಇರುವ ಜಾಗದಲ್ಲೇ ಅವರ 'ತೊ' ಕೂತಿದೆ. ಇಂಗ್ಲಿಷಿನಲ್ಲಿ ಈ ವಾಕ್ಯ ಕಟ್ಟಲು ತಲೆಯನ್ನು ತಿರುಗಾಮುರುಗಾ ಮಾಡಬೇಕು. ಹಿಂದಿಯ ಕಾ-ಕೀ ತಲೆಬೇನೆಯೂ ಇಲ್ಲ, ಜಪಾನಿಯಲ್ಲಿ ಲಿಂಗಭೇದವೇ ಇಲ್ಲ. ಎರಡು ಪುಸ್ತಕ, ಇಬ್ಬರು ಮನುಷ್ಯರು ಎಂದು ಬೇರೆಬೇರೆ ಎಣಿಸುವ ನಮಗೆ ಅವರ ಎಣಿಕೆಯ ಗೋಜಲೂ ತೀರ ಹೊಸತಲ್ಲ, ಅವರದು ಇನ್ನಷ್ಟು ಉದ್ದವಿದೆ ಅಷ್ಟೇ: ಚಪ್ಪಟೆ ವಸ್ತುವಿಗೆ ಒಂದು, ಉದ್ದನೆಯದಕ್ಕೆ ಇನ್ನೊಂದು. ಅಕ್ಷರಮಾಲೆಯ ಸಾಲೂ ಅ-ಇ-ಉ-ಎ-ಒ, ಆಮೇಲೆ ಕ-ಸ-ತ-ನ. ಬೌದ್ಧರ ಮೂಲಕ ಅಲ್ಲಿಗೆ ಹೋದ ಸಿದ್ಧಂ ವರ್ಣಮಾಲೆಯ ಕ್ರಮದ ನೆರಳು ಅದರ ಮೇಲಿದೆ. ಇಷ್ಟರಿಂದ ಜಪಾನಿ ಕನ್ನಡದ ದಾಯಾದಿ ಎಂದು ಯಾರೂ ವಾದಕ್ಕೆ ಇಳಿಯುವುದು ಬೇಡ, ಭಾಷಾವಿಜ್ಞಾನಿಗಳು ಅದನ್ನು ಒಪ್ಪುವುದಿಲ್ಲ. ಕಲಿಯುವವನಿಗೆ ಅನುಕೂಲ ಎಂಬುದಷ್ಟೇ ಮಾತು.

ಕಷ್ಟ ಇರುವುದು ಲಿಪಿಯಲ್ಲಿ. ಹಿರಗಾನ, ಕತಕಾನ ಎಂಬ ಎರಡು ಲಿಪಿಗಳಲ್ಲಿ ತಲಾ 46 ಮೂಲ ಅಕ್ಷರ, ಅವು ತಿಂಗಳೊಳಗೆ ಕೈಗೆ ಹತ್ತುತ್ತವೆ. ಚೀನಾದಿಂದ ಬಂದ ಕಾಂಜಿ ಹಾಗಲ್ಲ. ಜಪಾನ್ ಸರ್ಕಾರ ನಿತ್ಯಬಳಕೆಗೆ ಗೊತ್ತುಮಾಡಿದ ಕಾಂಜಿಗಳೇ 2,136. ಅವನ್ನು ದಿನವೂ ಬರೆದು ಬರೆದು ಕೈಗೆ ಕೂರಿಸಬೇಕು, ಅಡ್ಡದಾರಿ ಇಲ್ಲ.

ಜಪಾನಿ ಎಷ್ಟು ಬರುತ್ತದೆಂದು ಅಳೆಯುವ ಜೆ.ಎಲ್‌.ಪಿ.ಟಿ. ಎಂಬ ಪರೀಕ್ಷೆ ವರ್ಷಕ್ಕೆರಡು ಸಲ, ಜುಲೈ ಮತ್ತು ಡಿಸೆಂಬರ್‌ನಲ್ಲಿ ನಡೆಯುತ್ತದೆ. ಎನ್5 ಕೆಳಗಿನ ಮೆಟ್ಟಿಲು, ಎನ್1 ಮೇಲಿನದು. ಬೆಂಗಳೂರಿನಲ್ಲಿ ಕೇಂದ್ರವಿದೆ, ಬೀದರ್‌ನಿಂದ ರಾತ್ರಿ ರೈಲು ಹತ್ತಿದರೆ ಮುಟ್ಟಬಹುದು. ಭಾಷಾಂತರ ಅಥವಾ ಐ.ಟಿ. ಕಂಪನಿಯ ಕೆಲಸಕ್ಕೆ ಎನ್3, ಎನ್2 ಕೇಳುತ್ತಾರೆ. ಜಪಾನಿಗೇ ಹೋಗಿ ದುಡಿಯುವವರಿಗೆ ಬೇರೆ ದಾರಿ ಇದೆ. ಮುದುಕರ ದೇಶವಾಗುತ್ತಿರುವ ಜಪಾನ್ 2019ರಲ್ಲಿ ನಿರ್ದಿಷ್ಟ ಕೌಶಲದ ಕೆಲಸಗಾರರಿಗೆಂದು ಹೊಸ ವೀಸಾ ತಂದಿತು. 2021ರ ಜನವರಿಯಲ್ಲಿ ಭಾರತದ ಜೊತೆ ಒಪ್ಪಂದವಾಯಿತು. ವೃದ್ಧರ ಆರೈಕೆ, ಕಟ್ಟಡ ಕೆಲಸ, ಕೃಷಿ, ಹೋಟೆಲು ಮುಂತಾದ ಕ್ಷೇತ್ರಗಳಿಗೆ ಎನ್4 ಅಥವಾ ಅದಕ್ಕೆ ಸಮನಾದ ಕಂಪ್ಯೂಟರ್ ಪರೀಕ್ಷೆ ಪಾಸಾಗಬೇಕು, ಜೊತೆಗೆ ಆ ಕಸುಬಿನ ಪರೀಕ್ಷೆ. 2025ರ ಆಗಸ್ಟ್‌ನಲ್ಲಿ ಎರಡೂ ದೇಶಗಳು ಐದು ವರ್ಷಗಳಲ್ಲಿ ಭಾರತದಿಂದ 50,000 ಕುಶಲ, ಅರೆಕುಶಲ ಕೆಲಸಗಾರರು ಜಪಾನಿಗೆ ಹೋಗುವ ಗುರಿ ಹಾಕಿಕೊಂಡವು. ನರ್ಸಿಂಗ್ ಓದಿದ ಭಾಲ್ಕಿಯ ಮಕ್ಕಳಿಗೆ ಇದು ಸಣ್ಣ ಮಾತಲ್ಲ.

ಲೆಕ್ಕ ಹಾಕದೆ ಹೊರಡಬಾರದು. ಎನ್4 ಮಟ್ಟಕ್ಕೆ ಅಂದಾಜು 300 ಗಂಟೆ ಪಾಠ ಬೇಕೆಂದು ಕಲಿಸುವವರು ಹೇಳುತ್ತಾರೆ. ವಾರಕ್ಕೆ ಎರಡು ತಾಸಿನ ಕ್ಲಾಸು ವರ್ಷವಿಡೀ ತಪ್ಪದೆ ನಡೆದರೂ 100 ತಾಸು ಆಗುವುದು ಅಷ್ಟಕ್ಕಷ್ಟೇ. ಆರು ತಿಂಗಳ ಸರ್ಟಿಫಿಕೇಟು ತೋರಿಸಿದರೆ ಜಪಾನಿನ ಯಾವ ಕಂಪನಿಯೂ ಬಾಗಿಲು ತೆರೆಯುವುದಿಲ್ಲ. ಆ ವೀಸಾದ ಮೊದಲ ಹಂತದಲ್ಲಿ ಐದು ವರ್ಷ ಮಾತ್ರ ಇರಬಹುದು, ಹೆಂಡತಿ-ಮಕ್ಕಳನ್ನು ಕರೆದೊಯ್ಯುವಂತಿಲ್ಲ. ಇದನ್ನು ಕ್ಲಾಸಿನ ಮೊದಲ ದಿನವೇ ಹೇಳಬೇಕು. ಏಜೆಂಟರ ವಿಷಯದಲ್ಲೂ ಎಚ್ಚರ ಬೇಕು. ವಿದೇಶದ ಕೆಲಸಕ್ಕೆ ಕಳಿಸುವ ಏಜೆಂಟ್ ವಿದೇಶಾಂಗ ಇಲಾಖೆಯಲ್ಲಿ ನೋಂದಣಿ ಆಗಿರಬೇಕು. ಅವನು ತೆಗೆದುಕೊಳ್ಳಬಹುದಾದ ಸೇವಾ ಶುಲ್ಕ ಹೆಚ್ಚೆಂದರೆ 30,000 ರೂಪಾಯಿ ಮತ್ತು ಜಿ.ಎಸ್‌.ಟಿ. ಲಕ್ಷಗಳ ಮಾತಾಡುವವನ ಎದುರು ಹೊಲದ ಕಾಗದ ತೆಗೆಯಬೇಡಿ.

ಶಿಕ್ಷಕರು ಸಿಗುವುದಿಲ್ಲ ಎಂಬ ಆಕ್ಷೇಪ ನಿಜ. ಬೀದರಿಗೆ ಬಂದು ನೆಲೆಸುವ ಜಪಾನಿ ಮೇಷ್ಟ್ರು ಇವತ್ತು ಸಿಗಲಾರರು. ಪಠ್ಯಕ್ಕೆ ಮಾತ್ರ ಕೊರತೆ ಇಲ್ಲ. ಜಪಾನ್ ಫೌಂಡೇಶನ್ನಿನ 'ಇರೊದೊರಿ' ಪುಸ್ತಕ, ಧ್ವನಿಪಾಠಗಳ ಸಮೇತ, ಅಂತರ್ಜಾಲದಲ್ಲಿ ಪುಕ್ಕಟೆ ಸಿಗುತ್ತದೆ. ಅದೇ ಸಂಸ್ಥೆಯ 'ಮಿನಾತೊ' ತಾಣದಲ್ಲಿ ಮನೆಯಲ್ಲೇ ಕಲಿಯುವ ಕೋರ್ಸುಗಳಿವೆ. ಪುಣೆ ಅಥವಾ ಬೆಂಗಳೂರಿನ ಶಿಕ್ಷಕರೊಬ್ಬರು ವಾರಕ್ಕೆ ನಾಲ್ಕು ದಿನ ಪರದೆಯ ಮೇಲೆ ಬರಲಿ, ತಿಂಗಳಿಗೊಮ್ಮೆ ಖುದ್ದಾಗಿ ಬರಲಿ. ಹಾಜರಿ, ಅಭ್ಯಾಸ, ಕಾಂಜಿ ಬರೆಸುವ ಕೆಲಸಕ್ಕೆ ಎನ್4 ಪಾಸಾದ ಊರಿನವರೇ ಸಾಕು. ಮೊದಲ ವರ್ಷ ಎನ್4 ಪಾಸಾದವರಲ್ಲಿ ಇಬ್ಬರನ್ನಾದರೂ ಊರಲ್ಲೇ ಉಳಿಸಿಕೊಂಡರೆ ಎರಡನೇ ವರ್ಷದ ಚಿಂತೆ ಅರ್ಧ ಕಳೆದಂತೆ.

ಅಂತರರಾಷ್ಟ್ರೀಯ ವ್ಯಾಪಾರದ ಪಾಠಕ್ಕೆ ಭಾಲ್ಕಿಯ ಎ.ಪಿ.ಎಂ.ಸಿ. ಅಂಗಳಕ್ಕಿಂತ ಒಳ್ಳೆಯ ಕ್ಲಾಸ್‌ರೂಮ್ ಇಲ್ಲ. ರಾಜ್ಯದಲ್ಲಿ ಸೋಯಾಬೀನ್ ಹೆಚ್ಚು ಬೆಳೆಯುವುದು ಬೀದರ್ ಜಿಲ್ಲೆ. 2024ರ ಹಂಗಾಮಿನಲ್ಲಿ ಕ್ವಿಂಟಲ್‌ಗೆ ಬೆಂಬಲ ಬೆಲೆ 4,892 ರೂಪಾಯಿ ಇತ್ತು, ಪೇಟೆಯ ದರ ಅದಕ್ಕಿಂತ ಕೆಳಗೇ ಓಡಿತು. ಯಾಕೆ? ದೇಶ ತಿನ್ನುವ ಎಣ್ಣೆಯಲ್ಲಿ ಅರ್ಧಕ್ಕಿಂತ ಹೆಚ್ಚು ಹೊರಗಿನಿಂದ ಬರುತ್ತದೆ. ತಾಳೆಎಣ್ಣೆ ಇಂಡೋನೇಷ್ಯಾ, ಮಲೇಷ್ಯಾದಿಂದ, ಸೋಯಾ ಎಣ್ಣೆ ಅರ್ಜೆಂಟೀನಾ, ಬ್ರೆಜಿಲ್‌ನಿಂದ. 2024ರ ಸೆಪ್ಟೆಂಬರ್‌ನಲ್ಲಿ ಕೇಂದ್ರ ಸರ್ಕಾರ ಈ ಕಚ್ಚಾ ಅಡುಗೆ ಎಣ್ಣೆಗಳ ಮೇಲಿನ ಮೂಲ ಆಮದು ಸುಂಕವನ್ನು ಸೊನ್ನೆಯಿಂದ ಶೇ 20ಕ್ಕೆ ಏರಿಸಿತು. 2025ರ ಮೇ ಕೊನೆಗೆ ಅದನ್ನೇ ಶೇ 10ಕ್ಕೆ ಇಳಿಸಿತು. ತೊಗರಿಯದೂ ಇದೇ ಕಥೆ. 2016ರಲ್ಲಿ ಮೊಜಾಂಬಿಕ್ ಜೊತೆ ತೊಗರಿ ತರಿಸುವ ಒಪ್ಪಂದವಾಯಿತು, 2021ರಿಂದ ತೊಗರಿ ಆಮದು ಮುಕ್ತವಾಗಿದೆ, ಗಡುವು ಮುಗಿಯುವ ಮೊದಲೇ ವಿಸ್ತರಣೆಯಾಗುತ್ತ ಬಂದಿದೆ. ಭಾಲ್ಕಿಯ ರೈತ ರಾಶಿ ಮಾಡುವ ಹೊತ್ತಿಗೆ ಆಫ್ರಿಕಾದ ಹಡಗು ಮುಂಬೈಗೆ ಬಂದಿರುತ್ತದೆ. ಅವನ ಮಗ ಬಿ.ಕಾಂ. ಕೊನೆಯ ವರ್ಷದಲ್ಲಿ 'ವಿದೇಶ ವ್ಯಾಪಾರದ ಅನುಕೂಲ-ಅನನುಕೂಲ' ಎಂದು ಐದೈದು ಅಂಶ ಬಾಯಿಪಾಠ ಮಾಡುತ್ತಿರುತ್ತಾನೆ. ಈ ಎರಡನ್ನೂ ಜೋಡಿಸದ ಕೋರ್ಸು ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ.

ರಫ್ತಿನ ಕಡೆ ಬೀದರಿನ ಹೆಸರು ಹೊತ್ತ ಸರಕು ಬಿದ್ರಿ. ಸತು ಮತ್ತು ತಾಮ್ರವನ್ನು ಸುಮಾರು 16ಕ್ಕೆ 1ರಂತೆ ಕರಗಿಸಿ ಎರಕ ಹೊಯ್ದು, ಕೆತ್ತಿದ ಗೆರೆಗೆ ಬೆಳ್ಳಿ ತಂತಿ ಕೂಡಿಸಿ ಬಡಿದು, ಕೊನೆಗೆ ಕೋಟೆಯ ಮಣ್ಣು, ನವಸಾಗರ ಕಲೆಸಿದ ನೀರಿನಲ್ಲಿ ಕಾಯಿಸಿದಾಗ ಲೋಹ ಕಪ್ಪಾಗುತ್ತದೆ, ಬೆಳ್ಳಿ ಹಾಗೇ ಹೊಳೆಯುತ್ತದೆ. 2006ರಲ್ಲಿ ಭೌಗೋಳಿಕ ಗುರುತು ಸಿಕ್ಕಿತು. 2023ರಲ್ಲಿ ಶಾಹ್ ರಶೀದ್ ಅಹ್ಮದ್ ಖಾದ್ರಿ ಅವರಿಗೆ ಪದ್ಮಶ್ರೀ ಬಂತು. ಕುಶಲಕರ್ಮಿಗೆ ಇಷ್ಟೆಲ್ಲ ಗೊತ್ತು. ಒಂದು ಹೂದಾನಿಯನ್ನು ಒಸಾಕಾದ ಅಂಗಡಿಗೆ ಕಳಿಸುವುದು ಹೇಗೆ ಎಂಬುದಷ್ಟೇ ಕೈಗೆ ಹತ್ತಿಲ್ಲ.

ಕೋರ್ಸಿನ ವಿದ್ಯಾರ್ಥಿಗಳು ಆ ಒಂದು ಹೂದಾನಿಯ ಹಿಂದೆ ಬೀಳಲಿ. ಮೊದಲು ಆಮದು-ರಫ್ತು ಸಂಕೇತ ಸಂಖ್ಯೆ ಬೇಕು. ಅದು ಆನ್‌ಲೈನಿನಲ್ಲಿ 500 ರೂಪಾಯಿಗೆ ಆಗುತ್ತದೆ. ಆಮೇಲೆ ಈ ಸರಕು ಸುಂಕದ ಪಟ್ಟಿಯಲ್ಲಿ ಯಾವ ಅಂಕಿಯ ಕೆಳಗೆ ಬರುತ್ತದೆಂದು ಹುಡುಕಬೇಕು. ಲೋಹದ ಅಲಂಕಾರದ ವಸ್ತು 8306ರಲ್ಲೋ, ಸತುವಿನ ವಸ್ತು ಎಂದು 79ನೇ ಅಧ್ಯಾಯದಲ್ಲೋ? ಇದಕ್ಕೆ ಕ್ಲಾಸಿನಲ್ಲಿ ಅರ್ಧ ದಿನ ವಾದ ನಡೆದರೂ ನಷ್ಟವಿಲ್ಲ. ಭಾರತ-ಜಪಾನ್ ವ್ಯಾಪಾರ ಒಪ್ಪಂದ 2011ರ ಆಗಸ್ಟ್ 1ರಿಂದ ಜಾರಿಯಲ್ಲಿದೆ, ಅದರ ಸುಂಕ ವಿನಾಯಿತಿ ಬೇಕಾದರೆ ಸರಕು ಭಾರತದ್ದೇ ಎಂಬ ಮೂಲ ಪ್ರಮಾಣಪತ್ರ ಲಗತ್ತಿಸಬೇಕು. ಹೂದಾನಿಯಾದರೆ ಸರಿ, ಊಟಕ್ಕೆ ಬಳಸುವ ಬಟ್ಟಲು ಎಂದರೆ ಜಪಾನಿನ ಆಹಾರ ನೈರ್ಮಲ್ಯ ಕಾಯ್ದೆ ಅಡ್ಡ ನಿಲ್ಲುತ್ತದೆ. ಹಡಗಿನ ಬಾಡಿಗೆ ಯಾರ ತಲೆಗೆ, ದಾರಿಯಲ್ಲಿ ಒಡೆದರೆ ಯಾರ ನಷ್ಟ ಎಂಬುದನ್ನು ತೀರ್ಮಾನಿಸುವ 11 ಅಂತರರಾಷ್ಟ್ರೀಯ ಷರತ್ತುಗಳಿವೆ. ಒಂದೆರಡು ಪೀಸು ಕಳಿಸುವವರಿಗೆ ಕಂಟೇನರ್ ಬೇಕಿಲ್ಲ, ಅಂಚೆ ಇಲಾಖೆ 2022ರಿಂದ ನಡೆಸುತ್ತಿರುವ ಡಾಕ್ ಘರ್ ನಿರ್ಯಾತ್ ಕೇಂದ್ರಗಳಿಂದಲೇ ಆಗುತ್ತದೆ. ಭೌಗೋಳಿಕ ಗುರುತಿನ ರಕ್ಷಣೆ ದೇಶದೊಳಗೆ ಮಾತ್ರ, ಹೊರದೇಶದಲ್ಲಿ ಬೇರೆಯೇ ನೋಂದಣಿ ಬೇಕೆಂಬುದೂ ಇಲ್ಲೇ ಗೊತ್ತಾಗುತ್ತದೆ. ಒಂದು ಹೂದಾನಿ ಒಸಾಕಾ ಮುಟ್ಟುವಷ್ಟರಲ್ಲಿ ವರ್ಷದ ಪಠ್ಯ ಮುಗಿದಿರುತ್ತದೆ. ಅಂಗಡಿಯವನಿಗೆ ಬರೆಯುವ ಪತ್ರಕ್ಕೆ ಜಪಾನಿ ಕ್ಲಾಸಿನವರ ನೆರವು ಬೇಕಾಗುತ್ತದೆ. ಆಗ ಎರಡು ಕೋರ್ಸುಗಳ ನಡುವಿನ ಗೋಡೆ ತಾನಾಗಿ ಬೀಳುತ್ತದೆ. ಪುಣೆಯ ರಾನಡೆ ಇನ್‌ಸ್ಟಿಟ್ಯೂಟ್‌ನ ಒಂದೇ ಆವರಣದಲ್ಲಿ ವಿದೇಶಿ ಭಾಷೆಗಳ ವಿಭಾಗವೂ ಪತ್ರಿಕೋದ್ಯಮ ವಿಭಾಗವೂ ಇರುವುದು ಇಲ್ಲಿ ನೆನಪಿಗೆ ಬರುತ್ತದೆ.

ಪತ್ರಿಕೋದ್ಯಮದ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಮೈಸೂರಿನ ಮಹಾರಾಜ ಕಾಲೇಜಿನಲ್ಲಿ 1951ರಲ್ಲಿ ನಾಡಿಗ ಕೃಷ್ಣಮೂರ್ತಿಯವರು ಶುರು ಮಾಡಿದ ವಿಷಯ ಈಗ ಎಲ್ಲ ಕಡೆ ಇದೆ, ಕೆಲಸ ಎಲ್ಲ ಕಡೆ ಇಲ್ಲ. ತಾಲ್ಲೂಕು ವರದಿಗಾರನಿಗೆ ಸಿಗುವ ಗೌರವಧನದಲ್ಲಿ ಬೈಕಿನ ಪೆಟ್ರೋಲೂ ಹುಟ್ಟುವುದಿಲ್ಲ, ಜಾಹೀರಾತು ತರುವ ಹೊಣೆ ಬೇರೆ. ಸುಳ್ಳು ಆಸೆ ಹುಟ್ಟಿಸಬಾರದು. ಆದರೂ ಈ ಪಾಠ ಎಲ್ಲಿಯಾದರೂ ಬೇಕಿದ್ದರೆ ಅದು ಔರಾದ್‌ನಲ್ಲಿ. ಔರಾದ್‌ನ ಸುದ್ದಿಯ ಅರ್ಧ ದೇಗಲೂರು, ಉದಗೀರದ ಪೇಟೆಯಲ್ಲಿರುತ್ತದೆ, ಮರಾಠಿಯಲ್ಲಿರುತ್ತದೆ. ಬೆಂಗಳೂರಿನ ಡೆಸ್ಕಿಗೆ ಅದು ಕಾಣುವುದಿಲ್ಲ. ಗಡಿಯ ಈಚೆ ಒಂದು ದರ, ಆಚೆ ಇನ್ನೊಂದು ದರ, ಈಚೆಯ ಶಾಲೆಯಲ್ಲಿ ಶಿಕ್ಷಕರಿಲ್ಲ, ಆಚೆಯ ಆಸ್ಪತ್ರೆಗೆ ಈಚೆಯವರ ಓಡಾಟ. ಮೂರು ಭಾಷೆ ಬಲ್ಲ ಔರಾದ್‌ನ ಹುಡುಗಿ ಬರೆಯಬಹುದಾದದ್ದು ಇದು, ಬೇರೆ ಯಾರೂ ಬರೆಯಲಾರದ್ದು.

ಮೊದಲ ಪಾಠ ಮಾಹಿತಿ ಹಕ್ಕು ಅರ್ಜಿಯೇ ಆಗಲಿ. ಹತ್ತು ರೂಪಾಯಿ ಶುಲ್ಕ, ಕರ್ನಾಟಕದ ನಿಯಮದಂತೆ 150 ಪದದೊಳಗೆ ಒಂದೇ ವಿಷಯ, 30 ದಿನದಲ್ಲಿ ಉತ್ತರ. 150 ಪದಗಳಲ್ಲಿ ಬೇಕಾದ್ದನ್ನು ಮಾತ್ರ ಕೇಳಲು ಕಲಿತವನಿಗೆ ಸುದ್ದಿ ಬರೆಯುವುದೂ ಬಹುಪಾಲು ಬಂದಂತೆ. ಎಣ್ಣೆಯ ಆಮದು ಸುಂಕ ಇಳಿದ ವಾರ ಔರಾದ್ ಪೇಟೆಯಲ್ಲಿ ಸೋಯಾ ದರ ಏನಾಯಿತು ಎಂದು ನಾಲ್ಕು ಅಡತ್ ಅಂಗಡಿ ಸುತ್ತಿ ಬರೆದರೆ ಅದು ಯಾವ ಪತ್ರಿಕೆಯ ವಾಣಿಜ್ಯ ಪುಟಕ್ಕೂ ಹೋಗುವ ವರದಿ. ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ'ವನ್ನು 1843ರ ಜುಲೈ 1ರಂದು ಹೊರತಂದ ಹರ್ಮನ್ ಮೋಗ್ಲಿಂಗ್ ಕನ್ನಡವನ್ನು ಪರಭಾಷೆಯಾಗಿ ಕಲಿತ ಜರ್ಮನ್ ಎಂಬುದನ್ನು ಜಪಾನಿ ಕ್ಲಾಸಿನ ಸೋಮಾರಿಗಳಿಗೆ ಆಗಾಗ ನೆನಪಿಸಬಹುದು.

ಇದನ್ನೆಲ್ಲ ನಡೆಸುವವರು ಯಾರು? ಭಾಲ್ಕಿ ತಾಲ್ಲೂಕಿನ ಹಾಲಹಳ್ಳಿಯಲ್ಲಿ 2023ರಿಂದ ಬೀದರ್ ವಿಶ್ವವಿದ್ಯಾಲಯವೇ ಇದೆ. ಸಂವಿಧಾನದ 371ಜೆ ವಿಧಿ ಬಂದ ಮೇಲೆ ಕಲ್ಯಾಣ ಕರ್ನಾಟಕಕ್ಕೆಂದು ಪ್ರದೇಶಾಭಿವೃದ್ಧಿ ಮಂಡಳಿಯ ಹಣವೂ ಇದೆ. ಹೊರದೇಶದ ಉದ್ಯೋಗಕ್ಕೆ ನೆರವಾಗಲು ರಾಜ್ಯದ ಕೌಶಲ ಅಭಿವೃದ್ಧಿ ನಿಗಮದಲ್ಲಿ ಅಂತರರಾಷ್ಟ್ರೀಯ ವಲಸೆ ಕೇಂದ್ರವಿದೆ. ಒಂದೇ ಸಮಯಕ್ಕೆ ಎರಡು ಪದವಿ ಓದಲು ಅನುದಾನ ಆಯೋಗ 2022ರಲ್ಲೇ ಒಪ್ಪಿದೆ, ಹಾಗಿದ್ದಾಗ ಬಿ.ಎ. ಓದುವವಳು ಸಂಜೆ ಜಪಾನಿ ಕಲಿಯಲು ಯಾವ ನಿಯಮವೂ ಅಡ್ಡಿಯಲ್ಲ. ಹೊಸ ಕಟ್ಟಡ ಬೇಡ, ಭೂಮಿಪೂಜೆ ಬೇಡ. ಸರ್ಕಾರಿ ಪದವಿ ಕಾಲೇಜಿನ ಒಂದು ಕೊಠಡಿ ಸಂಜೆ ಐದರಿಂದ ಏಳರವರೆಗೆ ತೆರೆದಿದ್ದರೆ ಸಾಕು. ಔರಾದ್‌ನ ಹಳ್ಳಿಗಳಿಗೆ ಕೊನೆಯ ಬಸ್ಸು ಹೊರಡುವ ಹೊತ್ತನ್ನು ನೋಡಿ ವೇಳಾಪಟ್ಟಿ ಮಾಡಬೇಕು, ಇಲ್ಲದಿದ್ದರೆ ಹೆಣ್ಣುಮಕ್ಕಳು ಮೊದಲ ವಾರವೇ ಬಿಡುತ್ತಾರೆ.

ಪ್ರವೇಶಕ್ಕೆ ಹೋಗುವ ವಿದ್ಯಾರ್ಥಿಗಳಿಗೂ ತಂದೆ-ತಾಯಿಗೂ ಒಂದು ಮಾತು. ಅರ್ಜಿ ತುಂಬುವ ಮೊದಲು ಪ್ರಾಚಾರ್ಯರನ್ನು ಕೇಳಿ: ಕಲಿಸುವವರು ಯಾರು, ಅವರೇ ಯಾವ ಮಟ್ಟ ಪಾಸಾಗಿದ್ದಾರೆ? ಕೋರ್ಸು ಮುಗಿದ ಮೇಲೆ ಕಾಲೇಜಿನ ಹೊರಗಿನ ಯಾವ ಪರೀಕ್ಷೆಗೆ ಕೂರಿಸುತ್ತೀರಿ? ವಾರಕ್ಕೆ ಎಷ್ಟು ತಾಸು ಪಾಠ, ಅದರಲ್ಲಿ ಕ್ಲಾಸಿನ ಹೊರಗಿನ ಕೆಲಸ ಎಷ್ಟು? ನೇರ ಉತ್ತರ ಸಿಗದಿದ್ದರೆ ಫೀಸು ಕಟ್ಟಬೇಡಿ.